ಹಿಮಗಾಲದಲ್ಲಿ ಹಳ್ಳಿ ಮನೆಯ ದುರಸ್ತಿ: ಬೆಂಕಿಗಿಂತ ಮೊದಲು ಗಾಳಿ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳ ಹಳ್ಳಿಗಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮರದ ಮನೆಗಳು ಇನ್ನೂ ಬಹಳಷ್ಟು ಉಳಿದಿವೆ. ಬಾಸ್ಟನ್ ಕಡೆ ನೆಲೆಸಿದ ಕನ್ನಡಿಗರಲ್ಲಿ ಯಾರಾದರೂ ಅಂಥದೊಂದು ಮನೆಯನ್ನು ಕೊಂಡು ದುರಸ್ತಿಗೆ ಕೈಹಾಕಿದರೆ, ಮೊದಲ ಡಿಸೆಂಬರಿನಲ್ಲೇ ಎದುರಾಗುವ ತೊಂದರೆ ಗೊತ್ತಿರುವಂಥದ್ದೇ. ಒಲೆ ಎಷ್ಟು ಉರಿಸಿದರೂ ಕಾಲು ಬೆಚ್ಚಗಾಗುವುದಿಲ್ಲ. ತಲೆಯ ಮಟ್ಟದಲ್ಲಿ ಸೆಕೆ, ನೆಲದ ಮಟ್ಟದಲ್ಲಿ ಕೊರೆತ. ಆಗ ಹೆಚ್ಚಿನವರು ದೊಡ್ಡ ಹೀಟರ್ ತರುತ್ತಾರೆ. ಅದೂ ಸಾಲದೆ ಹೋದಾಗ ಕಿಟಕಿಗಳನ್ನೆಲ್ಲ ಕಿತ್ತು ಹೊಸದು ಹಾಕಿಸುತ್ತಾರೆ. ದುಡ್ಡು ಮುಗಿಯುವ ಹೊತ್ತಿಗೆ ಅಟ್ಟದಲ್ಲಿ ತೇವ ಕಾಣಿಸಿಕೊಳ್ಳುತ್ತದೆ. ಕೆಲಸದ ಕ್ರಮ ತಲೆಕೆಳಗಾದದ್ದೇ ಇದಕ್ಕೆಲ್ಲ ಕಾರಣ. ಹೆಪ್ಪುಗಟ್ಟುವ ಚಳಿಯಲ್ಲಿ ಹಳೆ ಮನೆಯನ್ನು ಮೊದಲು ನೀರಿನಿಂದ ಕಾಪಾಡಬೇಕು, ಆಮೇಲೆ ಗಾಳಿಯ ಸಂದುಗಳನ್ನು ಮುಚ್ಚಬೇಕು, ಅದಾದ ಮೇಲೆ ಇನ್ಸುಲೇಶನ್ ಹಾಕಬೇಕು. ಹೀಟರ್ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕ ಈ ಮೂರೂ ಮುಗಿದ ಮೇಲಷ್ಟೇ ಸರಿಯಾಗಿ ಸಿಗುತ್ತದೆ.

ಮನೆ ಯಾಕೆ ಹೀಗಿದೆ

ಈ ಮನೆಗಳನ್ನು ಕಟ್ಟಿದವರಿಗೆ ಚಳಿ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಹೊಲದಿಂದ ಆಯ್ದ ಕಲ್ಲುಗಳನ್ನು ಪೇರಿಸಿ ತಳಪಾಯ ಮಾಡಿ, ಅದರ ಮೇಲೆ ದಪ್ಪ ತೊಲೆಗಳ ಚೌಕಟ್ಟು ನಿಲ್ಲಿಸಿ, ಹೊರಗೆ ಹಲಗೆ, ಒಳಗೆ ಪಟ್ಟಿಗಳ ಮೇಲೆ ಸುಣ್ಣದ ಗಾರೆ ಮೆತ್ತುತ್ತಿದ್ದರು. ಎರಡರ ನಡುವೆ ಗೋಡೆ ಟೊಳ್ಳು. ಚಳಿಗಾಲ ಬಂತೆಂದರೆ ಮನೆಯವರೆಲ್ಲ ಒಲೆಯಿದ್ದ ಅಡುಗೆಮನೆಗೆ ಸೇರಿಕೊಂಡು ಉಳಿದ ಕೋಣೆಗಳನ್ನು ತಣ್ಣಗಿರಲು ಬಿಡುತ್ತಿದ್ದರು. ತಳಪಾಯದ ಸುತ್ತ ತರಗೆಲೆ, ಒಣಹುಲ್ಲು, ಸ್ಪ್ರೂಸ್ ಮರದ ಕೊಂಬೆಗಳನ್ನು ಒತ್ತಿಟ್ಟು ಗಾಳಿ ತಡೆಯುತ್ತಿದ್ದರು. ಮನೆ ತುಂಬ ಸೋರುತ್ತಿದ್ದುದರಿಂದ ಒದ್ದೆಯಾದ ಮರ ಬೇಗ ಒಣಗುತ್ತಿತ್ತು; ಇಷ್ಟು ಕಾಲ ಕೊಳೆಯದೆ ಉಳಿದದ್ದಕ್ಕೆ ಅದೂ ಒಂದು ಕಾರಣ. ಇಂದು ಇಡೀ ಮನೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ಬೇಕೆನ್ನುವ ನಾವು, ಅವರು ಎಂದೂ ಕೇಳದ್ದನ್ನು ಆ ಮನೆಯಿಂದ ಕೇಳುತ್ತಿದ್ದೇವೆ. ಕೇಳಬಾರದೆಂದಲ್ಲ. ಆದರೆ ಮನೆಯ ಲೆಕ್ಕಾಚಾರ ಅದರಿಂದ ಬದಲಾಗುತ್ತದೆ ಎಂಬುದು ನೆನಪಿರಬೇಕು.

ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅಟ್ಟದ ಸಂದುಗಳಿಂದ ಅದು ಹೊರಟುಹೋದಷ್ಟೂ ನೆಲಮಾಳಿಗೆಯ ಕಲ್ಲುಸಂದುಗಳಿಂದ ತಣ್ಣನೆ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಇಡೀ ಮನೆಯೇ ಒಂದು ಹೊಗೆಗೂಡಿನಂತೆ ವರ್ತಿಸುತ್ತದೆ. ಒಳಗೂ ಹೊರಗೂ ಇರುವ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಈ ಎಳೆತ ಬಿರುಸಾಗುತ್ತದೆ. ಎಂದರೆ ಒಲೆಯನ್ನು ಇನ್ನಷ್ಟು ಜೋರಾಗಿ ಉರಿಸಿದರೆ ಕಾಲಬಳಿ ಬರುವ ಚಳಿಗಾಳಿಯೂ ಜಾಸ್ತಿಯಾಗುತ್ತದೆ. ದೊಡ್ಡ ಹೀಟರ್ ತಂದವರಿಗೆ ಸಮಾಧಾನ ಸಿಗದಿರುವುದು ಇದಕ್ಕೇ.

ಎರಡನೆಯ ಸಂಗತಿ ಇನ್ನೂ ಮುಖ್ಯ; ಮಲೆನಾಡು, ಕರಾವಳಿಯ ಮನೆಗಳನ್ನು ಕಂಡು ಬೆಳೆದವರು ಅದನ್ನು ಪ್ರಯತ್ನಪಟ್ಟು ಅರ್ಥಮಾಡಿಕೊಳ್ಳಬೇಕಾಗುತ್ತದೆ. ನಮ್ಮ ಕಡೆ ಮನೆಗೆ ನೀರು ಬರುವುದು ಹೊರಗಿನಿಂದ: ಹೆಂಚು ಸೋರಿ, ಇರಿಚಲು ಹೊಡೆದು, ನೆಲದಿಂದ ತೇವ ಏರಿ. ಹೆಪ್ಪುಗಟ್ಟುವ ಪ್ರದೇಶದಲ್ಲಿ ಚಳಿಗಾಲದ ನೀರು ಒಳಗಿನಿಂದಲೂ ಬರುತ್ತದೆ. ಅನ್ನ ಬೇಯಿಸಿದ ಉಗಿ, ಕುಕ್ಕರಿನ ಸೀಟಿ, ಬಿಸಿನೀರ ಸ್ನಾನ, ಒಳಗೇ ಒಣಹಾಕಿದ ಬಟ್ಟೆ, ಮನೆಮಂದಿಯ ಉಸಿರು ಎಲ್ಲವೂ ಗಾಳಿಗೆ ನೀರು ಸೇರಿಸುತ್ತವೆ. 20 ಡಿಗ್ರಿ ಬಿಸಿಯ, ಶೇಕಡ 40ರಷ್ಟು ತೇವಾಂಶದ ಗಾಳಿ ಸುಮಾರು 6 ಡಿಗ್ರಿಗಿಂತ ತಣ್ಣನೆಯ ಯಾವುದೇ ಮೇಲ್ಮೈಗೆ ತಾಗಿದರೂ ನೀರಾಗಿ ಕೂರುತ್ತದೆ. ಜನವರಿಯ ರಾತ್ರಿ ಮಾಡಿನ ಹಲಗೆ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಅಟ್ಟಕ್ಕೆ ಸೋರಿದ ಗಾಳಿಯ ತೇವವೆಲ್ಲ ಅಲ್ಲಿ, ಮೊಳೆಗಳ ತುದಿಯಲ್ಲೂ ಹಲಗೆಯ ಮೈಮೇಲೂ ಬಿಳಿ ಹಿಮದ ಪುಡಿಯಾಗಿ ಕೂತು, ಬಿಸಿಲು ಏರಿದ ದಿನ ಕರಗಿ ತೊಟ್ಟಿಕ್ಕುತ್ತದೆ. ಮಾಡು ಸೋರುತ್ತಿದೆ ಎಂದು ಮಾಡು ಬದಲಾಯಿಸಿದರೆ ಮುಂದಿನ ವರ್ಷವೂ ಅದೇ ಕಥೆ. ಸೋರುತ್ತಿರುವುದು ಅಟ್ಟದ ಕೆಳಗಿನ ಒಳಚಾವಣಿ.

ಮೂರು ಆಕ್ಷೇಪಗಳು

"ಹಳೆ ಮನೆ ಉಸಿರಾಡಬೇಕು, ಸಂದು ಮುಚ್ಚಿದರೆ ಕೊಳೆಯುತ್ತದೆ" ಎಂಬ ಮಾತನ್ನು ಅನುಭವಿ ಬಡಗಿಗಳೇ ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. 1930ರ ದಶಕದಲ್ಲಿ ಅಮೆರಿಕದ ಟೊಳ್ಳುಗೋಡೆಗಳಿಗೆ ಇನ್ಸುಲೇಶನ್ ತುಂಬಲು ಆರಂಭಿಸಿದಾಗ ಹೊರಹಲಗೆಯ ಬಣ್ಣ ಸುಲಿದು ಬೀಳುತ್ತಿದೆ ಎಂದು ಬಣ್ಣದವರು ತಗಾದೆ ತೆಗೆದದ್ದುಂಟು. ಟೊಳ್ಳು ತುಂಬಿದ ಮೇಲೆ ಹೊರಹಲಗೆ ಮೊದಲಿಗಿಂತ ತಣ್ಣಗಿರುತ್ತದೆ, ತೇವವಾಯಿತೆಂದರೆ ನಿಧಾನವಾಗಿ ಒಣಗುತ್ತದೆ. ಆದ್ದರಿಂದ ಒಣಗುವ ದಾರಿ ಬೇಕು ಎನ್ನುವುದು ಸರಿ. ಆದರೆ ಒಣಗುವುದೂ ಸೋರುವುದೂ ಒಂದೇ ಅಲ್ಲ. ಗೋಡೆಯ ಗಾರೆಯ ಮೂಲಕ ಮೆಲ್ಲಗೆ ದಾಟುವ ಆವಿಗಿಂತ, ಒಂದು ಸಣ್ಣ ರಂಧ್ರದ ಮೂಲಕ ನುಗ್ಗುವ ಗಾಳಿ ಹತ್ತಾರು ಪಟ್ಟು ಹೆಚ್ಚು ನೀರನ್ನು ಹೊತ್ತೊಯ್ಯುತ್ತದೆ. ಒಳಗಿನ ಸಂದು ಮುಚ್ಚಿದಾಗ ಗೋಡೆಯೊಳಕ್ಕೆ ಹೋಗುವ ನೀರೇ ಕಡಿಮೆಯಾಗುತ್ತದೆ. ಮನುಷ್ಯರಿಗೆ ಬೇಕಾದ ಶುದ್ಧ ಗಾಳಿಯನ್ನು ಬಚ್ಚಲಿನ ಮತ್ತು ಅಡುಗೆಮನೆಯ ಫ್ಯಾನ್‌ಗಳಿಂದ, ನಮಗೆ ಬೇಕಾದಾಗ ಬೇಕಾದಷ್ಟು ತಂದುಕೊಳ್ಳಬಹುದು. ಕಲ್ಲುಸಂದು ಕೊಡುವ ಗಾಳಿ ಕೊರೆಯುವ ದಿನ ವಿಪರೀತ, ಬೆಚ್ಚಗಿನ ದಿನ ಸಾಲದು.

ಎರಡನೆಯದು, ಎಲ್ಲವನ್ನೂ ವಸಂತಕ್ಕೆ ಮುಂದೂಡಿದರಾಗದೇ ಎಂಬ ಪ್ರಶ್ನೆ. ಹೊರಗಿನ ಗಾರೆ, ಬಣ್ಣ, ಮಣ್ಣು ಅಗೆತದ ಮಟ್ಟಿಗೆ ಮುಂದೂಡಲೇಬೇಕು. ಆ ಭಾಗದಲ್ಲಿ ನೆಲ 4ರಿಂದ 5 ಅಡಿ ಆಳದವರೆಗೂ ಹೆಪ್ಪುಗಟ್ಟಬಲ್ಲದು ಎಂದು ಲೆಕ್ಕ ಹಾಕಿ ತಳಪಾಯ ಇಳಿಸುತ್ತಾರೆ. ಆದರೆ ಮನೆ ಎಲ್ಲಿ ಸೋರುತ್ತಿದೆ ಎಂಬುದನ್ನು ಜುಲೈ ತಿಂಗಳು ಎಂದಿಗೂ ತೋರಿಸಲಾರದು. ಒಳಗೂ ಹೊರಗೂ ಕನಿಷ್ಠ 10 ಡಿಗ್ರಿಯ ವ್ಯತ್ಯಾಸವಿದ್ದಾಗಲೇ ಉಷ್ಣ ಕ್ಯಾಮೆರಾ ಕೂಡ ಸರಿಯಾಗಿ ಕೆಲಸ ಮಾಡುವುದು. ರೋಗ ಹಿಡಿಯಲು ಚಳಿಗಾಲವೇ ತಕ್ಕ ಕಾಲ; ಒಳಗಿನ ಚಿಕಿತ್ಸೆಯ ಬಹುಪಾಲನ್ನೂ ಆಗಲೇ ಮಾಡಬಹುದು.

ಮೂರನೆಯದು ಕಿಟಕಿ. ಗಾಜು ಮುಟ್ಟಿದರೆ ತಣ್ಣಗಿರುತ್ತದೆ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ ಬರುತ್ತದೆ. ಹಳೆಯ ಏರಿಳಿಸುವ ಕಿಟಕಿಯ ಮರ ಸಾಮಾನ್ಯವಾಗಿ ಇಂದು ಅಂಗಡಿಯಲ್ಲಿ ಸಿಗುವ ಮರಕ್ಕಿಂತ ಗಟ್ಟಿ, ನಿಧಾನವಾಗಿ ಬೆಳೆದ ಮರ. ಅದರ ಸಂದಿಗೆ ಪಟ್ಟಿ ಹಚ್ಚಿ, ಒಳಗಡೆ ಬಿಗಿಯಾದ ಇನ್ನೊಂದು ಗಾಜಿನ ಅಥವಾ ಅಕ್ರಿಲಿಕ್ ಚೌಕಟ್ಟು ಕೂರಿಸಿದರೆ ಉಷ್ಣ ತಡೆಯುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಖರ್ಚು ಹೊಸ ಕಿಟಕಿಯ ಸಣ್ಣದೊಂದು ಪಾಲು. ಕೊಳೆತು ಹೋದ ಕಿಟಕಿಯ ಮಾತು ಬೇರೆ. ಗಟ್ಟಿಯಾಗಿರುವುದನ್ನು ಕಿತ್ತೆಸೆಯುವುದಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಕೆಲಸದ ಕ್ರಮ

1. ನೀರಿನ ಪೈಪುಗಳಿಂದ ಶುರುಮಾಡಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಪೈಪು ಒಡೆಯುವುದು ಮಂಜುಗಡ್ಡೆ ಕೂತ ಜಾಗದಲ್ಲೇ ಆಗಬೇಕೆಂದಿಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ, ದುರ್ಬಲವಾದಲ್ಲಿ ಸೀಳುತ್ತದೆ. ಕೊರೆಯುವ ರಾತ್ರಿ ನಲ್ಲಿಯಿಂದ ನೀರು ಸಣ್ಣಗೆ ಹರಿಯಲು ಬಿಡಿ ಎನ್ನುವುದರ ಗುಟ್ಟು ಇದು, ಒತ್ತಡ ಕಟ್ಟಿಕೊಳ್ಳುವುದಿಲ್ಲ. ಹೊರಗೆ ಸುಮಾರು ಮೈನಸ್ 7 ಡಿಗ್ರಿಗಿಂತ ಕೆಳಗಿಳಿದರೆ ಮುಚ್ಚಿಗೆಯಿಲ್ಲದ ಜಾಗದ ಪೈಪಿಗೆ ಅಪಾಯ ಎಂದು ತಿಳಿಯಿರಿ. ಗಾಳಿ ನೇರವಾಗಿ ಬೀಸುತ್ತಿದ್ದರೆ ಅದಕ್ಕೂ ಮೊದಲೇ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ, ತಿರುಗಿಸಿದರೆ ತಿರುಗುತ್ತದೆಯೇ ಎಂಬುದನ್ನು ಮೊದಲ ದಿನವೇ ನೋಡಿ, ಮನೆಯವರೆಲ್ಲರಿಗೂ ತೋರಿಸಿಡಿ. ಹೊರಗೋಡೆಗೆ ಅಂಟಿದ ಸಿಂಕ್‌ನ ಕೆಳಗಿನ ಕಪಾಟಿನ ಬಾಗಿಲು ರಾತ್ರಿ ತೆರೆದಿರಲಿ. ಬಳಸದ ಭಾಗದ ಪೈಪುಗಳನ್ನು ಪೂರ್ತಿ ಬರಿದುಮಾಡಿ, ಕಂಪ್ರೆಸರ್‌ನಿಂದ ಗಾಳಿ ಊದಿಸಿ, ಸಿಂಕು ಮತ್ತು ಕಕ್ಕಸಿನ ತಿರುವಿನಲ್ಲಿ ನಿಂತ ನೀರಿಗೆ, ಅದು ಹೆಪ್ಪುಗಟ್ಟದಂತೆ, ಪ್ರೊಪಿಲೀನ್ ಗ್ಲೈಕಾಲ್ ದ್ರವ ಹಾಕಿ. ಕಾರಿಗೆ ಹಾಕುವ ದ್ರವ ಬೇಡ, ಅದು ವಿಷ. ಮನೆ ಬಿಟ್ಟು ಹೋಗುವಾಗಲೂ ಒಳಗೆ 13 ಡಿಗ್ರಿಗಿಂತ ಕಡಿಮೆಯಾಗದಂತೆ ಇಡುವುದು ವಾಡಿಕೆ. ಹೆಪ್ಪುಗಟ್ಟಿದ ಪೈಪನ್ನು ಕರಗಿಸಬೇಕಾದರೆ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರ್ ಹಿಡಿಯುತ್ತಾ ಹೋಗಿ. ಬೆಂಕಿಯ ಟಾರ್ಚ್ ಹಿಡಿದು ಗೋಡೆಯೊಳಗಿನ ಒಣಮರಕ್ಕೆ ಕಿಡಿ ತಗುಲಿಸಿ ಮನೆ ಸುಟ್ಟುಕೊಂಡವರಿದ್ದಾರೆ.

2. ಎರಡು ಮೂರು ಕೋಣೆಗಳನ್ನು ಮಾತ್ರ ಬೆಚ್ಚಗಿಡಿ. ಅಡುಗೆಮನೆ, ಬಚ್ಚಲು, ಮಲಗುವ ಒಂದು ಕೋಣೆ, ಇವಿಷ್ಟು ಹತ್ತಿರ ಹತ್ತಿರವಿದ್ದರೆ ಒಳ್ಳೆಯದು. ಉಳಿದದ್ದನ್ನು ಪ್ಲಾಸ್ಟಿಕ್ ಹಾಳೆ, ಝಿಪ್ ಬಾಗಿಲು ಹಾಕಿ ಬೇರ್ಪಡಿಸಿ. ಕೆಡವುವ, ಧೂಳೆಬ್ಬಿಸುವ ಕೆಲಸ ಆ ಆಚೆಯ ಭಾಗದಲ್ಲಿ ನಡೆಯಲಿ. ಗಮನಿಸಬೇಕಾದ್ದೆಂದರೆ, ಬೆಚ್ಚಗಿನ ಕೋಣೆಯ ತೇವದ ಗಾಳಿ ತಣ್ಣನೆ ಕೋಣೆಗೆ ನುಗ್ಗಿದರೆ ಅಲ್ಲಿನ ಗೋಡೆಯಲ್ಲಿ ನೀರಿಳಿದು ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹಾಳೆಯ ಅಂಚುಗಳನ್ನು ಟೇಪ್ ಹಚ್ಚಿ ಮುಚ್ಚಲೇಬೇಕು.

3. ಸೋರುವ ಜಾಗ ಹುಡುಕಿ. ಮೊದಲು ಹೊರಗೆ ನಿಂತು ಮಾಡನ್ನು ನೋಡಿ. ಹಿಮ ಬಿದ್ದ ಮರುದಿನ ಎಲ್ಲೆಡೆ ಬೆಳ್ಳಗಿದ್ದು ಒಂದು ಕಡೆ ಮಾತ್ರ ಕರಗಿ ಹಲಗೆ ಕಾಣುತ್ತಿದ್ದರೆ ಅದರ ಕೆಳಗೆ ಬಿಸಿ ಸೋರುತ್ತಿದೆ. ಸೂರಿನಿಂದ ದಪ್ಪ ನೀರ್ಗಲ್ಲಿನ ಕೋಲುಗಳು ಇಳಿದಿದ್ದರೆ ಅದೂ ಇದೇ ದೂರು: ಮೇಲೆ ಕರಗಿದ ನೀರು ತಣ್ಣನೆ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ, ಆ ಕಟ್ಟೆಯ ಹಿಂದೆ ನಿಂತ ನೀರು ಒಳಗಿಳಿಯುತ್ತದೆ. ಆಮೇಲೆ ಒಳಗೆ ಬನ್ನಿ. ಒಲೆ ಪೂರ್ತಿ ಆರಿರುವಾಗ, ಅನಿಲದ ಹೀಟರ್, ಬಾಯ್ಲರ್‌ಗಳನ್ನೂ ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿ ಫ್ಯಾನ್‌ಗಳನ್ನು ಹಾಕಿ, ಒಂದು ಊದುಬತ್ತಿ ಹಚ್ಚಿಕೊಂಡು ಗೋಡೆಯ ಬುಡ, ಸ್ವಿಚ್ ಬೋರ್ಡು, ಕಿಟಕಿಯ ಚೌಕಟ್ಟು, ಅಟ್ಟದ ಮುಚ್ಚಳದ ಅಂಚಿನ ಬಳಿ ಹಿಡಿಯಿರಿ. ಹೊಗೆ ಎಲ್ಲಿ ಅಡ್ಡ ಓಡುತ್ತದೋ ಅಲ್ಲಿ ಬಣ್ಣದ ಟೇಪಿನ ಗುರುತು ಹಾಕಿ, ಫೋಟೋ ತೆಗೆದಿಡಿ. ದುಡ್ಡು ಕೊಟ್ಟು ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿದರೆ ಇದನ್ನೇ ಹೆಚ್ಚು ಕರಾರುವಾಕ್ಕಾಗಿ ಅಳೆದು ಕೊಡುತ್ತಾರೆ. ಆ ಖರ್ಚು ದಂಡವಾಗುವುದಿಲ್ಲ.

4. ಅಟ್ಟ ಮೊದಲು, ನೆಲಮಾಳಿಗೆ ಎರಡನೆಯದು, ನಡುವಿನ ಮನೆ ಕೊನೆಗೆ. ಎಳೆತ ಜೋರಾಗಿರುವುದು ಮೇಲೆ ಮತ್ತು ಕೆಳಗೆ, ನಡುಮಟ್ಟದಲ್ಲಿ ಅದು ಕಡಿಮೆ. ಅಟ್ಟದಲ್ಲಿ ದೊಡ್ಡ ಕಳ್ಳದಾರಿಗಳು ಮೂರು: ಇಟ್ಟಿಗೆ ಚಿಮಣಿಯ ಸುತ್ತಲಿನ ಖಾಲಿ ಜಾಗ, ಪೈಪು ಹಾದುಹೋದ ತೂತು, ಮತ್ತು ಗೋಡೆಯ ಟೊಳ್ಳಿನ ಮೇಲ್ಬಾಯಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಎಷ್ಟೋ ಮನೆಗಳಲ್ಲಿ ಗೋಡೆಯ ಕಂಬಗಳು ತಳದಿಂದ ಸೂರಿನವರೆಗೆ ಒಂದೇ ಉದ್ದಕ್ಕಿದ್ದು, ನಡುವಿನ ಟೊಳ್ಳು ನೆಲಮಾಳಿಗೆಯಿಂದ ಅಟ್ಟದವರೆಗೆ ತೆರೆದೇ ಇರುತ್ತದೆ. ಗಾಳಿಗೆ ಅದು ರಾಜಮಾರ್ಗ, ಬೆಂಕಿ ಬಿದ್ದರೆ ಅದಕ್ಕೂ. ಚಿಮಣಿಯ ಸುತ್ತ ತಗಡು ಮತ್ತು ಬೆಂಕಿ ತಡೆಯುವ ಸೀಲೆಂಟನ್ನೇ ಬಳಸಬೇಕು, ಸಾಮಾನ್ಯ ಫೋಮ್ ಅಲ್ಲಿ ಕೂಡದು. ಮುಚ್ಚುವ ಕೆಲಸ ಮುಗಿದ ಮೇಲೆ ಸೆಲ್ಯುಲೋಸ್ ಇನ್ಸುಲೇಶನ್ ದಪ್ಪವಾಗಿ ಹರಡಿ. ಸಂದು ಮುಚ್ಚದೆ ಅದನ್ನು ಹರಡಿದರೆ ಗಾಳಿ ಅದರೊಳಗಿಂದಲೇ ನುಸುಳುತ್ತದೆ, ಆಮೇಲೆ ಅಗೆದು ಹುಡುಕುವವರು ಯಾರು?

ನೆಲಮಾಳಿಗೆಯಲ್ಲಿ ಕಲ್ಲಿನ ಮೇಲೆ ಮಲಗಿದ ಅಡಿತೊಲೆಯನ್ನು ಮೊದಲು ಪರೀಕ್ಷಿಸಿ. ಚೂಪಾದ ದಬ್ಬಣದಿಂದ ಅಲ್ಲಲ್ಲಿ ಚುಚ್ಚಿ ನೋಡಿ. ಸಲೀಸಾಗಿ ಒಳಹೋದರೆ ಮರ ಕೊಳೆತಿದೆ. ಅದನ್ನು ಮುಚ್ಚಿಹಾಕುವ ಯಾವ ಕೆಲಸವನ್ನೂ ಮಾಡಬೇಡಿ, ಜಾಕ್ ಕೊಟ್ಟು ತೊಲೆ ಬದಲಾಯಿಸುವ ಅನುಭವಿ ಬಡಗಿಯನ್ನು ಕರೆಯಿರಿ. ಗಟ್ಟಿಯಾಗಿದ್ದರೆ ತೊಲೆಗೂ ಜಂತೆಗಳಿಗೂ ನಡುವಿನ ಚೌಕಗಳಿಗೆ ಗಟ್ಟಿ ಫೋಮ್ ಹಲಗೆಯನ್ನು ಅಳತೆಗೆ ಕತ್ತರಿಸಿ ಕೂರಿಸಿ, ಅಂಚಿಗೆ ಡಬ್ಬಿಯ ಫೋಮ್ ಹೊಡೆಯಿರಿ. ಡಬ್ಬಿಯನ್ನು ರಾತ್ರಿಯಿಡೀ ಬೆಚ್ಚಗಿನ ಕೋಣೆಯಲ್ಲಿಟ್ಟುಕೊಂಡಿರಿ, ತಣ್ಣಗಾದದ್ದು ಸರಿಯಾಗಿ ಉಬ್ಬುವುದಿಲ್ಲ. ಮಣ್ಣಿನ ನೆಲವಿದ್ದರೆ ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಸೇರುವೆಗಳಿಗೆ ಟೇಪ್ ಹಚ್ಚಿ. ಮನೆಯ ಗಾಳಿಗೆ ತೇವ ತುಂಬುವುದರಲ್ಲಿ ಆ ಮಣ್ಣಿನ ಪಾಲು ದೊಡ್ಡದು. ಇಡೀ ಕಲ್ಲುಗೋಡೆಗೆ ಒಳಗಿನಿಂದ ಇನ್ಸುಲೇಶನ್ ಮುಚ್ಚುವ ಅವಸರ ಮಾತ್ರ ಬೇಡ. ನೆಲಮಾಳಿಗೆಯಿಂದ ಸೋರುವ ಬಿಸಿಯೇ ಗೋಡೆಯಾಚೆಯ ಮಣ್ಣು ಹೆಪ್ಪುಗಟ್ಟದಂತೆ ಕಾಯುತ್ತಿರಬಹುದು. ಅದನ್ನು ತಡೆದರೆ ಒದ್ದೆ ಮಣ್ಣು ಹಿಗ್ಗಿ ಗಾರೆಯಿಲ್ಲದ ಕಲ್ಲುಗಳನ್ನು ದೂಡಬಲ್ಲದು. ಮೊದಲು ಮಾಡಿನ ನೀರು ಗೋಡೆಯಿಂದ ದೂರ ಹರಿಯುವಂತೆ ಆಗಬೇಕು.

5. ಗೋಡೆಯ ಟೊಳ್ಳು ತುಂಬುವುದು ಕೊನೆಯ ಕೆಲಸ. ಹೊರಹಲಗೆ, ಕಿಟಕಿಯ ತಲೆಪಟ್ಟಿ, ಮಾಡು ಎಲ್ಲಿಯೂ ಮಳೆನೀರು ಒಳಬರುತ್ತಿಲ್ಲ ಎಂದು ಒಂದು ವರ್ಷದ ಮಳೆಯಾದರೂ ನೋಡಿ ಖಚಿತಪಡಿಸಿಕೊಳ್ಳುವುದು ಲೇಸು.

ಎಚ್ಚರಿಕೆಗಳು

ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲೆಲ್ಲ ಸೀಸವಿದೆ ಎಂದೇ ತಿಳಿದು ನಡೆಯಿರಿ. ಚಳಿಯೆಂದು ಕಿಟಕಿ ಮುಚ್ಚಿಕೊಂಡು ಒಣಗಿದ ಬಣ್ಣ ಉಜ್ಜಿದರೆ ಆ ಧೂಳೆಲ್ಲ ಮಕ್ಕಳು ಆಡುವ ನೆಲದಲ್ಲಿ ಕೂರುತ್ತದೆ. ಪರೀಕ್ಷೆ ಮಾಡಿಸಿ, ಒದ್ದೆಮಾಡಿ ಕೆರೆಯಿರಿ, ಪುಟ್ಟ ಮಕ್ಕಳೂ ಗರ್ಭಿಣಿಯರೂ ಇರುವ ಮನೆಯಾದರೆ ಪರವಾನಗಿ ಇರುವವರಿಗೇ ಬಿಡಿ. ಅಟ್ಟದಲ್ಲಿ ಹೊಳೆಯುವ, ಕಂದು-ಬೂದು ಬಣ್ಣದ ಹರಳು ಹರಳಾದ ವರ್ಮಿಕ್ಯುಲೈಟ್ ಕಂಡರೆ ಕೈಯಾಡಿಸದೆ ಕೆಳಗಿಳಿಯಿರಿ. ಮೊಂಟಾನಾದ ಲಿಬ್ಬಿ ಎಂಬಲ್ಲಿನ ಗಣಿಯಿಂದ ಬಂದ ವರ್ಮಿಕ್ಯುಲೈಟ್‌ನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿದರೂ ಮಾಲು ಅಟ್ಟಗಳಲ್ಲಿ ಉಳಿದಿದೆ. ಪಿಂಗಾಣಿ ಗುಬಟುಗಳ ಮೇಲೆ ಎಳೆದ ಹಳೆ ವೈರಿಂಗ್ ಇದ್ದರೆ ಅದರ ಮೇಲೆ ಇನ್ಸುಲೇಶನ್ ಹೊದಿಸುವಂತಿಲ್ಲ. ಬಯಲಲ್ಲಿ ತಣ್ಣಗಾಗುವ ಲೆಕ್ಕದಲ್ಲಿ ಹಾಕಿದ ತಂತಿ ಅದು, ಮುಚ್ಚಿದರೆ ಕಾಯುತ್ತದೆ.

1500 ವ್ಯಾಟಿನ ಒಂದು ಸಣ್ಣ ಹೀಟರ್ ಅಲ್ಲಿನ 120 ವೋಲ್ಟಿನಲ್ಲಿ 12.5 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಹಳೆ ಲೈನಿಗೆ ಅದೊಂದೇ ಭಾರ. ಜೊತೆಗೆ ಗರಗಸವೋ ಇನ್ನೊಂದು ಹೀಟರೋ ಬೇಡ, ಎಕ್ಸ್‌ಟೆನ್ಶನ್ ತಂತಿಯೂ ಬೇಡ. ಹೊಗೆಕೊಳವೆಯಿಲ್ಲದ ಪ್ರೊಪೇನ್ ಹೀಟರ್ ಕೆಲಸಗಾರರಿಗೆ ಅಚ್ಚುಮೆಚ್ಚು, ಆದರೆ ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಒಣಗಿಸಬೇಕಾದ ಮನೆಗೆ ನೀವೇ ನೀರು ತುಂಬಿದಂತಾಯಿತು. ಅದಕ್ಕಿಂತ ಭಯಂಕರವಾದದ್ದು ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಂದುಗಳನ್ನು ಮುಚ್ಚಿದ ಮನೆಯಲ್ಲಿ, ಒಗ್ಗರಣೆಯ ಹೊಗೆಗೆಂದು ಹಾಕಿದ ಬಲವಾದ ಫ್ಯಾನ್ ಗಾಳಿ ಎಳೆದುಕೊಳ್ಳಲು ಬೇರೆ ದಾರಿ ಕಾಣದೆ ಚಿಮಣಿಯ ಹೊಗೆಯನ್ನೇ ಹಿಂದಕ್ಕೆಳೆಯಬಲ್ಲದು. ಆದ್ದರಿಂದ ಸಂದು ಮುಚ್ಚಿದ ಮೇಲೆ ಒಲೆ, ಬಾಯ್ಲರ್‌ಗಳ ಎಳೆತವನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ. ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಯ ಬಳಿಯೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಹಿಮ ಬಿದ್ದಾಗ ಗೋಡೆಯಿಂದ ಹೊರಬರುವ ಹೊಗೆಕೊಳವೆಯ ಬಾಯಿ ಮುಚ್ಚಿಹೋಗಿದೆಯೇ ಎಂದು ಮೊದಲು ನೋಡಿ. ಸೌದೆಯಲ್ಲಿ ತೇವಾಂಶ ಶೇಕಡ 20ಕ್ಕಿಂತ ಕಡಿಮೆಯಿರಬೇಕು. ಹಸಿ ಸೌದೆಯ ಹೊಗೆ ಚಿಮಣಿಯೊಳಗೆ ಟಾರಿನ ಪದರವಾಗಿ ಕಟ್ಟಿ, ಮುಂದೊಮ್ಮೆ ಅದಕ್ಕೇ ಬೆಂಕಿ ಹತ್ತುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸುಣ್ಣದ ಗಾರೆಯನ್ನು 5 ಡಿಗ್ರಿಗಿಂತ ತಣ್ಣನೆಯ ದಿನಗಳಲ್ಲಿ ಹಾಕುವುದು ಇವುಗಳಲ್ಲೆಲ್ಲ ದುಬಾರಿಯಾದದ್ದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತ ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುವಂಥದು. ನಡುವೆ ಹೆಪ್ಪುಗಟ್ಟಿದರೆ ಒಳಗಿನ ನೀರು ಹಿಗ್ಗಿ ಪುಡಿಪುಡಿಯಾಗುತ್ತದೆ. ಬೇಗ ಆಗಲೆಂದು ಮೃದುವಾದ ಹಳೆ ಇಟ್ಟಿಗೆಯ ಸಂದಿಗೆ ಗಟ್ಟಿ ಸಿಮೆಂಟು ತುಂಬುವುದು ಇನ್ನೊಂದು ತಪ್ಪು, ತೇವ ಹೊರಹೋಗಲು ಗಾರೆಯ ದಾರಿ ಸಿಗದೆ ಇಟ್ಟಿಗೆಯ ಮುಖವೇ ಒಡೆದು ಉದುರುತ್ತದೆ. ಮರದ ನೆಲ ಹಾಸುವವರು ಮತ್ತೊಂದನ್ನು ಮರೆಯುತ್ತಾರೆ. ಚಳಿಗಾಲದ ಬಿಸಿಮಾಡಿದ ಮನೆಯ ಗಾಳಿ ಬಹಳ ಒಣಗಿರುವುದರಿಂದ ಹಲಗೆ ಕುಗ್ಗಿರುತ್ತದೆ. ಆಗ ಬಿಗಿಯಾಗಿ ಕೂರಿಸಿದ್ದು ಆಗಸ್ಟಿನ ಸೆಕೆಯಲ್ಲಿ ಹಿಗ್ಗಿ ಎದ್ದು ನಿಲ್ಲುತ್ತದೆ. ಹಲಗೆಗಳನ್ನು ಆ ಕೋಣೆಯಲ್ಲೇ ಕೆಲವು ವಾರ ಇಟ್ಟು, ಗೋಡೆಯ ಅಂಚಿನಲ್ಲಿ ಹಿಗ್ಗಲು ಜಾಗ ಬಿಟ್ಟು ಹಾಸಬೇಕು. ಬಚ್ಚಲಿನ ಫ್ಯಾನಿನ ಕೊಳವೆಯನ್ನು ಹೊರಗೆ ಬಿಡದೆ ಅಟ್ಟದೊಳಗೇ ಬಿಟ್ಟಿರುವ ಮನೆಗಳೂ ಸಿಗುತ್ತವೆ. ನಿಮ್ಮದು ಹಾಗಿದ್ದರೆ ಅಟ್ಟದ ಬೇರೆ ಯಾವ ಕೆಲಸಕ್ಕೂ ಮೊದಲು ಅದನ್ನು ಸರಿಮಾಡಿಸಿ.

ಹೊರಗಿನ ಕೆಲಸದ ಪಟ್ಟಿಯನ್ನು ಫೆಬ್ರವರಿಯೊಳಗೆ ಬರೆದು ಮುಗಿಸಿ. ಊದುಬತ್ತಿ ತೋರಿಸಿದ ಗುರುತುಗಳು, ಮಾಡಿನ ಕರಗಿದ ಜಾಗಗಳ ಫೋಟೋಗಳು, ದಬ್ಬಣ ಹೊಕ್ಕ ತೊಲೆಗಳ ನಕ್ಷೆ ಮೂರನ್ನೂ ಒಟ್ಟಿಗಿಟ್ಟು ಗಾರೆಯ ಮೇಸ್ತ್ರಿಗೂ ಮಾಡಿನವರಿಗೂ ಆಗಲೇ ತೋರಿಸಿ ದಿನ ಗೊತ್ತುಮಾಡಿಕೊಳ್ಳಿ. ಆ ಪ್ರದೇಶದಲ್ಲಿ ಹೊರಗೆ ಗಾರೆ ಹಾಕಬಹುದಾದ ಕಾಲ ಮೇ ತಿಂಗಳಿಂದ ಅಕ್ಟೋಬರ್ ಆರಂಭದವರೆಗೆ ಮಾತ್ರ, ಒಳ್ಳೆಯ ಕೆಲಸಗಾರರು ಮೇ ಬರುವ ಮೊದಲೇ ಬೇರೆಯವರಿಗೆ ಮಾತು ಕೊಟ್ಟಿರುತ್ತಾರೆ.